ರಸ್ತೆ ಅಗಲ ಮಾಡೋಕೆ ಮೊದಲು ಪುರಾತತ್ವ ಸರ್ವೆ ಯಾಕೆ? ಹೊಸಪೇಟೆ–ಹಂಪಿ ದಾರಿಯ ಅಂಗಡಿಯವರಿಗೆ ತಿಳಿದಿರಬೇಕಾದ ವಿಷಯ

ರಸ್ತೆ ಅಗಲ ಆಗುತ್ತಂತೆ, ಸರ್ಕಲ್ ದೊಡ್ಡದು ಮಾಡ್ತಾರಂತೆ ಅನ್ನೋ ಸುದ್ದಿ ಬಂದರೆ ನಮ್ಮ ಅಂಗಡಿ ಸಾಲಿನಲ್ಲಿ ಮೊದಲು ಏಳೋ ಪ್ರಶ್ನೆ ಒಂದೇ: 'ಮಾರ್ಕಿಂಗ್ ಎಲ್ಲೀತನಕ ಬಂತ್ರೀ?' ಗೋಡೆ ಮೇಲೆ ಕೆಂಪು ಬಣ್ಣದ ಗೆರೆ ಬಿದ್ದ ಮೇಲೆ ಎರಡನೇ ಪ್ರಶ್ನೆ: 'ಪರಿಹಾರ ಎಷ್ಟು?' ಮೂರನೆಯದು ಹೊಸಪೇಟೆ, ಕಮಲಾಪುರ, ಕಡ್ಡಿರಾಂಪುರ, ಆನೆಗೊಂದಿ ಕಡೆಯವರಿಗಷ್ಟೇ ಇರುವ ತಲೆನೋವು: 'ಪುರಾತತ್ವದವರು ಏನಂತಾರೆ?'

ಈ ಮೂರನೇ ಪ್ರಶ್ನೆ ಬಗ್ಗೆ ನಮ್ಮಲ್ಲಿ ತಿಳಿವಳಿಕೆಗಿಂತ ಗಾಳಿಮಾತು ಜಾಸ್ತಿ. ಒಂದು ಹಳೇ ಕಲ್ಲು ಸಿಕ್ಕರೆ ಸಾಕು, ಇಡೀ ಓಣಿ ಎಬ್ಬಿಸ್ತಾರೆ ಅನ್ನುವವರಿದ್ದಾರೆ. ಅವರಿಗೆ ಗೊತ್ತಾಗೋಕೆ ಮೊದಲೇ ಕಾಂಕ್ರೀಟ್ ಹಾಕಿಬಿಡಿ ಅಂತ ಗುತ್ತಿಗೆದಾರರಿಗೆ ಸಲಹೆ ಕೊಡುವವರೂ ಇದ್ದಾರೆ. ಎರಡೂ ತಪ್ಪು. ಎರಡನೆಯದು ಊರಿಗೂ ನಷ್ಟ, ಕೊನೆಗೆ ರಸ್ತೆಗೂ ನಷ್ಟ. ಹೇಗೆ ಅಂತ ನೋಡೋಣ.

ಈ ದಾರಿ ಐನೂರು ವರ್ಷದ ಹಿಂದೆಯೂ ಬಜಾರೇ

1520ರ ಸುಮಾರಿಗೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ವಿಜಯನಗರಕ್ಕೆ ಬಂದಿದ್ದ. ಆಗ ಕೃಷ್ಣದೇವರಾಯನ ಆಳ್ವಿಕೆ. ರಾಯ ಹೊಸದಾಗಿ ಕಟ್ಟಿಸಿದ ಊರಿನಿಂದ ರಾಜಧಾನಿಗೆ ಹೋಗುವ ದಾರಿಯನ್ನು ಪಾಯಸ್ ಬರೆದಿಟ್ಟಿದ್ದಾನೆ. ಆ ಹೊಸ ಊರು ನಾಗಲಾಪುರ, ಅಂದರೆ ಇವತ್ತಿನ ಹೊಸಪೇಟೆ ಅಂತ ಇತಿಹಾಸಕಾರರು ಗುರುತಿಸಿದ್ದಾರೆ. ಪಾಯಸ್ ಹೇಳುವ ಪ್ರಕಾರ ಆ ದಾರಿ ತುಂಬ ಅಗಲವಾಗಿತ್ತು, ಎರಡೂ ಬದಿಗೆ ಉದ್ದಕ್ಕೂ ಮನೆ, ಅಂಗಡಿ ಸಾಲು ಇತ್ತು, ಬೇಕಾದ್ದೆಲ್ಲ ಅಲ್ಲಿ ಸಿಗುತ್ತಿತ್ತು, ನೆರಳಿಗೆ ಅಂತ ರಾಯ ಮರ ನೆಡಿಸಿದ್ದ.

ಇವತ್ತು ಹೊಸಪೇಟೆ ಬಿಟ್ಟು ಅನಂತಶಯನಗುಡಿ ದಾಟಿ, ಕಡ್ಡಿರಾಂಪುರದ ಮೇಲೆ ಹಂಪಿಗೆ ಹೋಗುವಾಗ ನಾವು ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲೇ ಹೋಗ್ತೀವಿ. ಟೀ ಅಂಗಡಿ, ಎಳನೀರು ಗಾಡಿ, ಬೈಕ್ ರಿಪೇರಿ ಶಾಪು ಇರುವ ಕಡೆ ಆಗ ಯಾರು ಏನು ಮಾರ್ತಿದ್ದರೋ! ಅದನ್ನು ಹೇಳಬಲ್ಲದ್ದು ಕಾಲಡಿಯ ಮಣ್ಣು ಮಾತ್ರ. ಗುಡಿ, ಗೋಪುರ, ಅರಮನೆಯ ತಳಪಾಯ ಕಲ್ಲಿನವು, ಉಳಿದಿವೆ. ಸಾಮಾನ್ಯ ವ್ಯಾಪಾರಿಯ ಮನೆ, ಮಳಿಗೆ ಬಹುಪಾಲು ಮಣ್ಣು, ಮರದ್ದು. ಅವು ಮೇಲೆ ಉಳಿದಿಲ್ಲ. ಉಳಿದಿದ್ದರೆ ನೆಲದ ಕೆಳಗೆ ತಳಪಾಯದ ಸಾಲಾಗಿ, ಮಡಕೆ ಚೂರಾಗಿ, ಒಂದೆರಡು ತಾಮ್ರದ ನಾಣ್ಯವಾಗಿ ಉಳಿದಿರುತ್ತವೆ. ಹಂಪಿಯ ವಿಷಯದಲ್ಲಿ ರಾಜರ ಬಗ್ಗೆ ನಮಗೆ ಬೇಕಾದಷ್ಟು ಗೊತ್ತು, ಅಂಗಡಿಯವರ ಬಗ್ಗೆ ಗೊತ್ತಿರೋದು ತೀರ ಕಡಿಮೆ. ರಸ್ತೆ ಬದಿಯ ಮಣ್ಣು ಮುಖ್ಯ ಆಗೋದು ಈ ಕಾರಣಕ್ಕೆ.

ಬರೀ ವಿಜಯನಗರ ಕಾಲದ ಮಾತಲ್ಲ. ಬಳ್ಳಾರಿ–ಹೊಸಪೇಟೆ ದಾರಿಯಲ್ಲಿ ಕುಡುತಿನಿ ಹತ್ತಿರದ ಬೂದಿದಿಬ್ಬ ಹಳಬರಿಗೆಲ್ಲ ಗೊತ್ತು. ಹಂಪಿ ಹತ್ತಿರ ನಿಂಬಾಪುರದಲ್ಲಿ ಇಂಥದ್ದೇ ದಿಬ್ಬವನ್ನು ವಾಲಿಯ ಚಿತೆಯ ಬೂದಿ ಅಂತ ಹೇಳುವ ರೂಢಿ ಇದೆ. ಸಂಶೋಧಕರು ಅಗೆದು ನೋಡಿದಾಗ ತಿಳಿದದ್ದು ಬೇರೆ: ನವಶಿಲಾಯುಗದ ದನಗಾಹಿಗಳು ದೊಡ್ಡಿಯ ಸಗಣಿಯನ್ನು ಗುಡ್ಡೆ ಹಾಕಿ ಸುಟ್ಟ ಬೂದಿ ಅದು. ನಾಲ್ಕು ಸಾವಿರ ವರ್ಷದಷ್ಟು ಹಳೇದು. ನೋಡೋಕೆ ಬರೀ ಬೂದು ಮಣ್ಣಿನ ದಿಬ್ಬ. ರಸ್ತೆಗೆ ಮಣ್ಣು ತುಂಬಿಸೋ ಗುತ್ತಿಗೆದಾರನಿಗೆ ಅದು ಹತ್ತಿರದಲ್ಲಿ ಸಿಗುವ ಪುಕ್ಕಟೆ ಮಣ್ಣು. ಮೊದಲೇ ಯಾರಾದರೂ ಬಂದು 'ಇದನ್ನ ಮುಟ್ಟಬೇಡಿ' ಅಂತ ನಕ್ಷೆಯಲ್ಲಿ ಗುರುತು ಹಾಕದಿದ್ದರೆ, ಮುಟ್ಟಿದ್ದು ತಪ್ಪು ಅಂತ ಜೆಸಿಬಿ ಡ್ರೈವರ್‌ಗೆ ಗೊತ್ತಾಗೋದಾದರೂ ಹೇಗೆ?

ಸರ್ವೆ ಅಂದರೆ ಏನು ಮಾಡ್ತಾರೆ

ಪುರಾತತ್ವ ಸರ್ವೆ ಅಂದ ಕೂಡಲೇ ರಸ್ತೆ ತುಂಬ ಗುಂಡಿ ತೋಡಿ ವರ್ಷಗಟ್ಟಲೆ ಬ್ರಷ್ ಹಿಡಿದು ಕೂರ್ತಾರೆ ಅಂದುಕೊಳ್ಳೋದು ಬೇಡ. ಅರ್ಧಕ್ಕರ್ಧ ಕೆಲಸ ಕಾಗದದ ಮೇಲೆ ಮುಗಿಯುತ್ತೆ.

ಮೊದಲು ಹಳೇ ದಾಖಲೆ ತೆಗೀತಾರೆ. ನಮ್ಮ ಭಾಗಕ್ಕೆ ಅವು ಧಾರಾಳವಾಗಿವೆ. ಕಾಲಿನ್ ಮೆಕೆಂಜಿ 1799ರಲ್ಲೇ ಹಂಪಿಯ ನಕ್ಷೆ ಮಾಡಿಸಿದ್ದ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಫೋಟೋ ತೆಗೆದಿದ್ದ. 1980ರ ದಶಕದಿಂದ ಜಾರ್ಜ್ ಮಿಷೆಲ್, ಜಾನ್ ಫ್ರಿಟ್ಜ್ ತಂಡ ಹಂಪಿಯ ಗುಡಿ, ಬಾವಿ, ಹಳೇ ದಾರಿಗಳನ್ನೆಲ್ಲ ಅಳೆದು ನಕ್ಷೆ ಮಾಡಿದೆ. ಜಿಲ್ಲೆಯ ಶಾಸನಗಳನ್ನು ಹಂಪಿ ಕನ್ನಡ ವಿಶ್ವವಿದ್ಯಾಲಯವೇ ಪುಸ್ತಕವಾಗಿ ತಂದಿದೆ. ಇವನ್ನು ಹೊಸ ರಸ್ತೆಯ ನಕ್ಷೆ ಜೊತೆ ಇಟ್ಟು ನೋಡಿದರೆ ಎಲ್ಲಿ ಎಚ್ಚರ ಬೇಕು ಅನ್ನೋದು ಆಫೀಸಿನಲ್ಲೇ ಗೊತ್ತಾಗುತ್ತೆ.

ಆಮೇಲೆ ನಡೆದು ನೋಡೋದು. ರಸ್ತೆಯ ಎರಡೂ ಬದಿ ಕಾಲ್ನಡಿಗೆಯಲ್ಲಿ ಹೋಗಿ, ಉಳುಮೆ ಮಾಡಿದ ಹೊಲದಲ್ಲಿ ಮಡಕೆ ಚೂರು ಎಲ್ಲಿ ಜಾಸ್ತಿ ಬಿದ್ದಿವೆ, ದಿಬ್ಬ ಎಲ್ಲಿದೆ, ಕಟ್ಟೆಗೆ ಒರಗಿಸಿದ ವೀರಗಲ್ಲು ಯಾವುದು ಅಂತ ಬರ್ಕೊಳ್ತಾರೆ. ಊರ ಹಿರಿಯರ ಬಾಯಿಮಾತು ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತೆ. ಹಾಳೂರು, ಹಳೇಊರು ದಿಬ್ಬ, ಬೂದಿಗುಡ್ಡ ಅಂತ ಹೊಲದ ಹೆಸರು ಇದ್ದರೆ ಅದು ಸುಮ್ಮನೆ ಬಂದಿರೋದಿಲ್ಲ. ಪಹಣಿಯಲ್ಲಿ ಇಲ್ಲದ ಮಾಹಿತಿ ಇಂಥ ಹೆಸರಿನಲ್ಲಿ ಇರುತ್ತೆ.

ಅನುಮಾನ ಬಂದ ಕಡೆ ಮಾತ್ರ ಮುಂದಿನ ಹಂತ. ಅಗೆಯದೇ ನೆಲದೊಳಗಿನ ಗೋಡೆ, ಪೊಳ್ಳು ಜಾಗ ಪತ್ತೆ ಮಾಡುವ ರೇಡಾರ್ ಯಂತ್ರ ಇದೆ. ಅದೂ ಸಾಲದಿದ್ದರೆ ಒಂದೆರಡು ಕಡೆ ಸಣ್ಣ ಪ್ರಾಯೋಗಿಕ ಗುಂಡಿ ತೆಗೆದು ಪದರ ಪದರವಾಗಿ ನೋಡ್ತಾರೆ. ಪದರ ಯಾಕೆ ಅಷ್ಟು ಮುಖ್ಯ ಅಂದರೆ, ನೆಲ ಒಂಥರಾ ಅಂಗಡಿಯ ಲೆಕ್ಕದ ಪುಸ್ತಕ ಇದ್ದ ಹಾಗೆ. ಮೇಲಿನ ಹಾಳೆ ಈಚಿನದು, ಕೆಳಗಿನದು ಹಳೇದು. ಹಾಳೆ ಕ್ರಮವಾಗಿ ತಿರುವಿದರೆ ಲೆಕ್ಕ ಸಿಗುತ್ತೆ. ಜೆಸಿಬಿ ಬಕೆಟ್ ಒಂದು ಸಲ ಇಳಿದು ಎದ್ದರೆ ನೂರಾರು ವರ್ಷದ ಹಾಳೆ ಒಟ್ಟಿಗೆ ಹರಿದು ಟಿಪ್ಪರ್‌ಗೆ ಬೀಳುತ್ತೆ. ಆಮೇಲೆ ಅದರಿಂದ ನಾಣ್ಯ ಆರಿಸಿ ತೆಗೆದರೂ ಅದು ಯಾವ ಪದರದ್ದು, ಯಾರ ಮನೆಯದ್ದು ಅಂತ ಹೇಳೋಕಾಗಲ್ಲ.

ನಮ್ಮ ಕಡೆ ಸರ್ವೆಯಲ್ಲಿ ಸೇರಲೇಬೇಕಾದ ಇನ್ನೊಂದು ಸಂಗತಿ ಕಾಲುವೆ. ರಾಯ, ಬಸವಣ್ಣ, ತುರ್ತಾ ಕಾಲುವೆಗಳು ವಿಜಯನಗರ ಕಾಲದವು, ಇವತ್ತಿಗೂ ಬಾಳೆ, ಕಬ್ಬು, ಭತ್ತಕ್ಕೆ ನೀರು ಕೊಡ್ತಿವೆ. ರಸ್ತೆ ಅಗಲ ಮಾಡುವಾಗ ಮೋರಿ, ಅಡ್ಡ ಸೇತುವೆ ಕೂಡ ಅಗಲ ಆಗುತ್ತೆ. ಹಳೇ ಕಲ್ಲುಕಟ್ಟಡ ಯಾವುದು, ಆಮೇಲೆ ಸೇರಿಸಿದ್ದು ಯಾವುದು ಅಂತ ನೋಡದೇ ಒಡೆದರೆ ಇತಿಹಾಸದ ಜೊತೆ ಕೆಳಗಿನ ಗದ್ದೆಯ ನೀರೂ ಹೋಗುತ್ತೆ.

ಮೊದಲು ನೋಡದಿದ್ದರೆ ಏನಾಗುತ್ತೆ: ಆನೆಗೊಂದಿ ಸೇತುವೆ

ಇದಕ್ಕೆ ಉದಾಹರಣೆ ಹುಡುಕಿ ದೂರ ಹೋಗಬೇಕಿಲ್ಲ. ತಳವಾರಘಟ್ಟದಿಂದ ಆನೆಗೊಂದಿಗೆ ತುಂಗಭದ್ರೆ ದಾಟೋಕೆ ಹರಿಗೋಲೇ ಗತಿ ಆಗಿದ್ದ ಕಾಲದಲ್ಲಿ, 1990ರ ದಶಕದ ಕೊನೆಗೆ ಅಲ್ಲಿ ವಾಹನ ಸೇತುವೆ ಕಟ್ಟೋಕೆ ಶುರು ಮಾಡಿದರು. ಜನರಿಗೆ ಸೇತುವೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆಸ್ಪತ್ರೆಗೆ, ಶಾಲೆಗೆ, ಸಂತೆಗೆ ಹೋಗೋಕೆ ಹೊಳೆ ಅಡ್ಡ ಇದ್ದವರ ಕಷ್ಟ ಅವರಿಗೇ ಗೊತ್ತು. ಆದರೆ ಜಾಗ ಆರಿಸುವ ಮೊದಲು 'ಇದು ವಿಶ್ವ ಪರಂಪರೆ ತಾಣದ ಒಳಗೆ ಬರುತ್ತೆ, ಹಳೇ ಕಲ್ಲುಸೇತುವೆಯ ಕಂಬ ಹತ್ತಿರದಲ್ಲೇ ಇವೆ, ಸೇತುವೆ ಬಂದರೆ ಲಾರಿಗಳೆಲ್ಲ ತಳವಾರಘಟ್ಟದ ಹಳೇ ಬಾಗಿಲಿನ ದಾರಿಯಲ್ಲೇ ಓಡಾಡಬೇಕಾಗುತ್ತೆ' ಅನ್ನುವ ಲೆಕ್ಕ ಸರಿಯಾಗಿ ಆಗಲಿಲ್ಲ.

1986ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದ್ದ ಹಂಪಿಯನ್ನು ಯುನೆಸ್ಕೋ 1999ರಲ್ಲಿ 'ಅಪಾಯದಲ್ಲಿರುವ ತಾಣ'ಗಳ ಪಟ್ಟಿಗೆ ಹಾಕಿತು. ಮುಖ್ಯ ಕಾರಣ ಈ ಸೇತುವೆ ಮತ್ತು ವಿರುಪಾಪುರಗಡ್ಡೆ ಕಡೆಯ ಕಾಲುಸೇತುವೆ. ಕೆಲಸ ನಿಂತಿತು. ಪತ್ರ ವ್ಯವಹಾರ, ತಜ್ಞರ ಭೇಟಿ, ವರದಿ ಅಂತ ವರ್ಷಗಳು ಉರುಳಿದವು. ಹಂಪಿ ಆ ಪಟ್ಟಿಯಿಂದ ಹೊರಬಂದದ್ದು 2006ರಲ್ಲಿ. ಆಮೇಲೆ ಕೆಲಸ ಮತ್ತೆ ಶುರುವಾಯಿತು. ಜನವರಿ 2009ರಲ್ಲಿ ನಿರ್ಮಾಣ ಹಂತದಲ್ಲೇ ಸೇತುವೆ ಕುಸಿದು ಕಾರ್ಮಿಕರು ಜೀವ ಕಳೆದುಕೊಂಡರು. ಕುಸಿತಕ್ಕೂ ಪುರಾತತ್ವಕ್ಕೂ ನೇರ ಸಂಬಂಧ ಕಟ್ಟೋದು ಸರಿಯಲ್ಲ. ಆದರೆ ಹತ್ತು ವರ್ಷಕ್ಕೂ ಮೇಲ್ಪಟ್ಟು ಎರಡೂ ದಡದ ಜನ ಕಾಯ್ದದ್ದಂತೂ ನಿಜ. ಕೊನೆಗೆ ವಾಹನ ಸೇತುವೆ ಬಂದದ್ದು ಬೇರೆ ಕಡೆ, ಬುಕ್ಕಸಾಗರ–ಕಡೆಬಾಗಿಲು ನಡುವೆ. ಆ ಜಾಗದ ಯೋಚನೆ ಮೊದಲೇ ಆಗಿದ್ದರೆ?

'ಪುರಾತತ್ವದಿಂದ ಕೆಲಸ ತಡ' ಅಂತ ನಾವು ಬೈತೀವಿ. ಬಹಳ ಸಲ ತಡ ಆಗೋದು ಸರ್ವೆ ಮಾಡಿದ್ದಕ್ಕಲ್ಲ, ಟೆಂಡರ್ ಆಗಿ, ಯಂತ್ರ ಬಂದು, ಅರ್ಧ ಅಗೆದ ಮೇಲೆ ಮಾಡಿದ್ದಕ್ಕೆ. ಗ್ರೀಸ್ ದೇಶದ ಥೆಸಲೋನಿಕಿ ನಗರದ ಮೆಟ್ರೋ ಕೆಲಸ 2006ರಲ್ಲಿ ಶುರುವಾಗಿ ಓಡಿದ್ದು 2024ರ ನವೆಂಬರ್ 30ಕ್ಕೆ. ಅಲ್ಲಿ ಒಂದು ನಿಲ್ದಾಣದ ಜಾಗದಲ್ಲಿ ಸಿಕ್ಕಿದ್ದು ಹಳೇ ನಗರದ ದೊಡ್ಡ ಕೂಡುರಸ್ತೆ, ಪಕ್ಕದಲ್ಲಿ ಅಂಗಡಿ ಸಾಲು. ಕಲ್ಲುಹಾಸನ್ನು ಎತ್ತಿಟ್ಟು, ನಿಲ್ದಾಣ ಕಟ್ಟಿ, ಮತ್ತೆ ಅಲ್ಲೇ ಜೋಡಿಸಿದರು. ದುಡ್ಡಿನ ತಾಪತ್ರಯವೂ ಸೇರಿ ಇಷ್ಟು ವರ್ಷ ಹಿಡಿಯಿತು. ಮೇಲಿನ ರಸ್ತೆಯ ಅಂಗಡಿಗಳ ಮುಂದೆ ಅಷ್ಟೂ ವರ್ಷ ತಗಡಿನ ಬೇಲಿ.

ಇನ್ನೊಂದು ತುದಿಯ ಉದಾಹರಣೆಯೂ ಇದೆ. 1850ರ ದಶಕದಲ್ಲಿ ಲಾಹೋರ್–ಮುಲ್ತಾನ್ ರೈಲುದಾರಿ ಹಾಕುವಾಗ ಹರಪ್ಪದ ಇಟ್ಟಿಗೆಗಳನ್ನು ಹಳಿ ಕೆಳಗಿನ ಜಲ್ಲಿಗೆ ಬಳಸಿದರು. ಅದು ಸಿಂಧೂ ನಾಗರಿಕತೆಯ ಪಟ್ಟಣ ಅಂತ ಜಗತ್ತಿಗೆ ಗೊತ್ತಾಗುವಷ್ಟರಲ್ಲಿ ಅಲ್ಲಿನ ಗೋಡೆಗಳು ಎಷ್ಟೋ ಪಾಲು ಹೋಗಿಬಿಟ್ಟಿದ್ದವು.

ನಡುವಿನ ದಾರಿಯನ್ನು ನಮ್ಮ ರಾಜ್ಯವೇ ತೋರಿಸಿದೆ. ಬೆಂಗಳೂರು–ಮೈಸೂರು ಜೋಡಿ ರೈಲುದಾರಿಗೆ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನಮನೆ ಅಡ್ಡ ಬಂದಾಗ, 2017ರಲ್ಲಿ ಇಡೀ ಕಟ್ಟಡವನ್ನು ಜಾಕ್ ಕೊಟ್ಟು ಎತ್ತಿ, ಚೂರು ಕದಲದ ಹಾಗೆ ಪಕ್ಕಕ್ಕೆ ಸರಿಸಿದರು. ರೈಲುದಾರಿಯೂ ಆಯಿತು, ಕಟ್ಟಡವೂ ಉಳಿಯಿತು. ಇದು ಎಲ್ಲ ಕಡೆ ಆಗೋ ಕೆಲಸವಲ್ಲ, ಖರ್ಚೂ ಕೋಟಿ ಲೆಕ್ಕದ್ದು.

ಕಾನೂನು ಏನು ಹೇಳುತ್ತೆ

ನಮ್ಮ ದೇಶದಲ್ಲಿ ಪ್ರತಿ ರಸ್ತೆ ಕೆಲಸಕ್ಕೂ ಮೊದಲು ಪುರಾತತ್ವ ಸರ್ವೆ ಕಡ್ಡಾಯ ಅನ್ನುವ ಒಂದೇ ಕಾನೂನು ಇಲ್ಲ. ದೊಡ್ಡ ಹೆದ್ದಾರಿಗೆ ಪರಿಸರ ಅನುಮತಿ ಕೇಳುವಾಗ ಹತ್ತಿರದ ಸ್ಮಾರಕಗಳ ಮಾಹಿತಿ ಕೊಡಬೇಕು. ವಿಶ್ವಬ್ಯಾಂಕ್ ಸಾಲದ ಯೋಜನೆಯಾದರೆ, ಅಗೆಯುವಾಗ ಏನಾದರೂ ಸಿಕ್ಕರೆ ಏನು ಮಾಡಬೇಕು ಅನ್ನುವ ಷರತ್ತು ಗುತ್ತಿಗೆಯಲ್ಲೇ ಇರುತ್ತೆ. ತಾಲ್ಲೂಕು ಮಟ್ಟದ ರಸ್ತೆ, ಸರ್ಕಲ್ ಕೆಲಸಕ್ಕೆ ಇಂಥ ಕಟ್ಟುಪಾಡು ಕಮ್ಮಿ. ಇಲ್ಲಿ ಕೆಲಸಕ್ಕೆ ಬರೋದು ಸ್ಮಾರಕ ಸಂರಕ್ಷಣಾ ಕಾಯ್ದೆ.

1958ರ ಕೇಂದ್ರ ಕಾಯ್ದೆ, 2010ರ ತಿದ್ದುಪಡಿ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಜಾಗದಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ. ಸರ್ಕಾರದ್ದೇ ಸಾರ್ವಜನಿಕ ಕಾಮಗಾರಿ ಅಂದರೂ ವಿನಾಯಿತಿ ಇಲ್ಲ. ಇದನ್ನು ಸಡಿಲಿಸುವ ಮಸೂದೆಗೆ 2018ರಲ್ಲಿ ಲೋಕಸಭೆ ಒಪ್ಪಿಗೆ ಕೊಟ್ಟಿತ್ತು, ಅದು ಕಾನೂನಾಗಲಿಲ್ಲ. ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಪಡೆದು ಕಟ್ಟಬಹುದು.

ಅಂಗಡಿಯವರು ಗಮನಿಸಬೇಕಾದ ಮಾತು ಇಲ್ಲಿದೆ. 100 ಮೀಟರ್ ಒಳಗೆ ಇದ್ದ ಮಾತ್ರಕ್ಕೆ ಇರುವ ಕಟ್ಟಡ ಕೆಡವಬೇಕು ಅಂತ ಈ ನಿಯಮ ಹೇಳೋದಿಲ್ಲ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಕಟ್ಟಡಕ್ಕೆ ಅನುಮತಿ ತಗೊಂಡು ರಿಪೇರಿ, ನವೀಕರಣ ಮಾಡಿಸಬಹುದು. ಹಾಗಾಗಿ ಹಳೇ ತೆರಿಗೆ ರಸೀದಿ, ಕರೆಂಟ್ ಬಿಲ್, ಖಾತಾ ನಕಲು ಜೋಪಾನವಾಗಿ ಇಟ್ಟುಕೊಳ್ಳಿ. ಅಂಗಡಿ ಯಾವ ಕಾಲದ್ದು ಅಂತ ತೋರಿಸೋಕೆ ಅವೇ ಸಾಕ್ಷಿ. ಅನುಮತಿ ಇಲ್ಲದೇ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಹಂಪಿ ಸುತ್ತಮುತ್ತ ಇದರ ಜೊತೆಗೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಅನುಮತಿಯೂ ಬೇಕು.

ಕಾಯ್ದೆಯಲ್ಲಿ ಒಂದು ಸಂದು ಇದೆ. ಚರಂಡಿ, ಕುಡಿಯುವ ನೀರಿನ ಪೈಪು, ಕರೆಂಟ್ ಲೈನಿನ ಕೆಲಸವನ್ನು 'ನಿರ್ಮಾಣ' ಅನ್ನುವ ಪದದ ಅರ್ಥದಿಂದ ಹೊರಗಿಟ್ಟಿದ್ದಾರೆ. ಜನರ ಅನುಕೂಲಕ್ಕೆ ಮಾಡಿದ್ದು, ಸರಿಯೇ. ಆದರೆ ರಸ್ತೆ ಕೆಲಸದಲ್ಲಿ ಅತಿ ಆಳಕ್ಕೆ ಅಗೆಯೋದು ಡಾಂಬರಿಗಲ್ಲ, ಚರಂಡಿಗೆ ಮತ್ತು ಪೈಪಿಗೆ. ಸರ್ಕಲ್ ಸುಧಾರಣೆಯ ಸರ್ವೆಯಲ್ಲಿ ಚರಂಡಿಯ ನಕ್ಷೆಯನ್ನೂ ಇಟ್ಟು ನೋಡದಿದ್ದರೆ ಆ ಸರ್ವೆ ಅರ್ಧಂಬರ್ಧ ಅಂತಲೇ ನಮ್ಮ ಅಭಿಪ್ರಾಯ. ಬೆಂಗಳೂರಿನ ಅತಿ ಹಳೇ ಕನ್ನಡ ಶಾಸನ ಅನ್ನಿಸಿಕೊಂಡ ಹೆಬ್ಬಾಳದ ಕಿತ್ತಯ್ಯನ ಶಾಸನ, ಸುಮಾರು ಕ್ರಿ.ಶ. 750ರದ್ದು, 2018ರಲ್ಲಿ ಬೆಳಕಿಗೆ ಬಂದಿದ್ದೂ ಮಹಾನಗರದ ನೆಲ ಅಗೆತದಿಂದಲೇ.

ಕೆಲಸದ ಮಧ್ಯೆ ಏನಾದರೂ ಸಿಕ್ಕರೆ

ಸಿಕ್ಕ ವಸ್ತು ಸಿಕ್ಕವರದ್ದಲ್ಲ, ಜಾಗದ ಮಾಲೀಕರದ್ದು ಅಂತಲೂ ತಾನಾಗಿ ಆಗೋದಿಲ್ಲ. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅನ್ನುವ ಕಾನೂನು ಬ್ರಿಟಿಷರ ಕಾಲದಿಂದ ಇದೆ, ರಾಜ್ಯಕ್ಕೆ 1962ರ ಪ್ರತ್ಯೇಕ ಕಾಯ್ದೆ ಇದೆ. ನೂರು ವರ್ಷ ದಾಟಿದ ವಿಗ್ರಹ, ನಾಣ್ಯ, ಲೋಹದ ವಸ್ತುವಿನ ವ್ಯಾಪಾರಕ್ಕೆ 1972ರ ಪುರಾವಸ್ತು ಕಾಯ್ದೆ ಪ್ರಕಾರ ಪರವಾನಗಿ ಬೇಕು. 'ಸುಮ್ಮನೆ ಮಾರಿಬಿಡೋಣ' ಅಂತ ಕೈ ಹಾಕಿದವರು ಪೊಲೀಸ್ ಠಾಣೆ ಮೆಟ್ಟಿಲು ಹತ್ತಬೇಕಾಗುತ್ತೆ.

ಯಂತ್ರ ನಿಲ್ಲಿಸಿ, ಇದ್ದ ಹಾಗೇ ಬಿಟ್ಟು ಮೊಬೈಲಲ್ಲಿ ಫೋಟೋ ತೆಗೀರಿ. ಪಕ್ಕಕ್ಕೆ ಹತ್ತು ರೂಪಾಯಿ ನಾಣ್ಯವೋ, ಪೆನ್ನೋ ಇಟ್ಟರೆ ಅಳತೆ ತಿಳಿಯುತ್ತೆ. ಜಾಗದ ಲೊಕೇಶನ್ ಉಳಿಸಿಕೊಂಡು ತಹಶೀಲ್ದಾರ್ ಕಚೇರಿಗೆ ಇಲ್ಲವೇ ಪುರಾತತ್ವ ಇಲಾಖೆಗೆ ಹೇಳಿ. ಕಲ್ಲಿನ ಮೇಲೆ ಅಕ್ಷರ ಇದ್ದರೆ ತಂತಿ ಬ್ರಷ್ ಹಾಕಿ ತಿಕ್ಕಬೇಡಿ, ಸುಣ್ಣ, ಬಣ್ಣ ಬಳಿಯಬೇಡಿ. ಭಕ್ತಿಯಿಂದ ಎಣ್ಣೆ ಪೇಂಟ್ ಬಳಿದು ಅಕ್ಷರ ಮುಚ್ಚಿಹೋದ ಶಾಸನಗಳು ನಮ್ಮ ಹಳ್ಳಿಗಳಲ್ಲಿ ಕಮ್ಮಿ ಇಲ್ಲ.

ಕಲ್ಲನ್ನು ಸರಿಸಲೇಬೇಕಾದರೆ ಮೊದಲಿನ ಜಾಗವನ್ನು ದಾಖಲಿಸಿಯೇ ಸರಿಸಬೇಕು. ದತ್ತಿ ಶಾಸನದಲ್ಲಿ 'ಕೆರೆಯ ಮೂಡಲು, ದಾರಿಯ ತೆಂಕಲು' ಅನ್ನುವ ಥರ ಎಲ್ಲೆ ಹೇಳಿರುತ್ತಾರೆ. ಲಿಂಗಮುದ್ರೆ, ವಾಮನಮುದ್ರೆ ಕಲ್ಲುಗಳಂತೂ ಗಡಿ ತೋರಿಸೋಕೆ ಅಂತಲೇ ನೆಟ್ಟವು. ಅಲ್ಲಿಂದ ಕಿತ್ತು ಗುಡಿ ಹಿಂದೆ ಒರಗಿಸಿದರೆ ಕಲ್ಲು ಉಳಿಯುತ್ತೆ, ಅದು ಹೇಳ್ತಿದ್ದ ಮಾತು ಹೋಗುತ್ತೆ. ಪೂಜೆ ನಡೆಯುವ ವೀರಗಲ್ಲು, ಮಾಸ್ತಿಕಲ್ಲು ಆದರೆ ಊರಿನವರನ್ನು ಕೂರಿಸಿ ಮಾತಾಡಿಯೇ ಮುಂದುವರಿಯಬೇಕು. ಇಲ್ಲದಿದ್ದರೆ ಇಲಾಖೆ ಒಪ್ಪಿದರೂ ಓಣಿ ಒಪ್ಪೋದಿಲ್ಲ.

ಸಿಕ್ಕದ್ದರ ಬೆಲೆ ಆ ಕ್ಷಣಕ್ಕೆ ಗೊತ್ತಾಗದೇ ಇರಬಹುದು. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಲ್ಲಿ ಬಾವಿಯೊಂದರಲ್ಲಿ ಸಿಕ್ಕ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಟಿಪ್ಪು ಕಾಲದ ರಾಕೆಟ್‌ಗಳು ಅಂತ ತಿಳಿಯೋಕೆ ವರ್ಷಗಳೇ ಬೇಕಾದವು. 2018ರಲ್ಲಿ ಪುರಾತತ್ವ ಇಲಾಖೆ ಅಲ್ಲೇ ಅಗೆಸಿದಾಗ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವು. ಮೊದಲು ಸಿಕ್ಕಾಗಲೇ ಗುಜರಿಗೆ ಹಾಕಿದ್ದರೆ ಕತೆ ಅಲ್ಲಿಗೇ ಮುಗೀತಿತ್ತು.

ಅಂಗಡಿಯವರ ಭಯ ಸುಳ್ಳಲ್ಲ

ಇಷ್ಟೆಲ್ಲ ಹೇಳಿದ ಮೇಲೂ ಒಬ್ಬ ವ್ಯಾಪಾರಿ 'ನಿಮ್ಮ ಇತಿಹಾಸ ಇರ್ಲಿ, ನನ್ನ ಅಂಗಡಿ ಉಳೀತದೇನ್ರಿ?' ಅಂತ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. 2011ರ ಜುಲೈನಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನಲ್ಲಿ ಮನೆ, ಅಂಗಡಿ ತೆರವು ಮಾಡಿದ್ದನ್ನು ಇಲ್ಲಿನವರು ಮರೆತಿಲ್ಲ. ಸಾಲುಮಂಟಪದಲ್ಲಿ ತಲೆಮಾರುಗಳಿಂದ ಹೋಟೆಲ್, ಪುಸ್ತಕ, ಪೂಜಾಸಾಮಾನು ಇಟ್ಟುಕೊಂಡವರು ಒಂದೇ ಬಾರಿಗೆ ಬೀದಿಗೆ ಬಂದರು. ಆಮೇಲೆ ಸಿಕ್ಕ ಪುನರ್ವಸತಿಯ ಬಗ್ಗೆ ಅವರ ಅಸಮಾಧಾನ ಇವತ್ತಿಗೂ ಇದೆ. ಆ ನೆನಪು ಇರೋತನಕ ಅಂಗಡಿ ಮುಂದೆ ಹಳೇ ಕಲ್ಲು ಸಿಕ್ಕರೆ ಜನ ಬಾಯಿ ಬಿಡೋಕೆ ಹೆದರೋದು ಸಹಜ. ಜನ ಹೇಳಬೇಕು ಅಂದರೆ, ಹೇಳಿದ್ದಕ್ಕೆ ಶಿಕ್ಷೆ ಇಲ್ಲ ಅಂತ ಅಧಿಕಾರಿಗಳು ಮೊದಲು ತೋರಿಸಿಕೊಡಬೇಕು.

ಅದಕ್ಕೆ ಸರ್ವೆ ಮೊದಲೇ ಆಗೋದು ವ್ಯಾಪಾರಿಗೂ ಅನುಕೂಲ. ಡಿಪಿಆರ್ ಹಂತದಲ್ಲಿ ಹಳೇ ತಳಪಾಯ ಇದೆ ಅಂತ ಗೊತ್ತಾದರೆ ರಸ್ತೆಯನ್ನು ನಾಲ್ಕು ಮೀಟರ್ ಆಚೆ ಸರಿಸಬಹುದು, ಚರಂಡಿಯನ್ನು ಇನ್ನೊಂದು ಬದಿಗೆ ಹಾಕಬಹುದು, ಕೆಲವು ಕಡೆ ಅಗೆಯದೇ ಮಣ್ಣು ತುಂಬಿ ಮೇಲೆ ರಸ್ತೆ ಮಾಡಬಹುದು. ಗೆರೆ ಪೆನ್ಸಿಲ್‌ನಲ್ಲಿ ಇರುವಾಗ ಸರಿಸೋಕೆ ಖರ್ಚಿಲ್ಲ. ಅಂಗಡಿ ಮುಂದೆ ಆರಡಿ ಗುಂಡಿ ಬಿದ್ದ ಮೇಲೆ ಕೆಲಸ ನಿಂತರೆ ದೀಪಾವಳಿ ವ್ಯಾಪಾರವೂ ಹೋಯಿತು, ಹಂಪಿ ಸೀಸನ್ನೂ ಹೋಯಿತು.

ನಿಮ್ಮ ರಸ್ತೆಗೆ ಮಾರ್ಕಿಂಗ್ ಬಂದಿದ್ದರೆ ಲೋಕೋಪಯೋಗಿ ಇಲಾಖೆ ಅಥವಾ ಸ್ಥಳೀಯ ಸಂಸ್ಥೆಯಲ್ಲಿ ಎರಡು ಕಾಗದ ಕೇಳಿ: ಸ್ಮಾರಕದ ಗಡಿಯಿಂದ ರಸ್ತೆಗೆ ಇರುವ ದೂರ ತೋರಿಸುವ ನಕ್ಷೆ, ಮತ್ತು ಪುರಾತತ್ವ ಇಲಾಖೆಯ ಜೊತೆ ನಡೆದ ಪತ್ರ ವ್ಯವಹಾರದ ನಕಲು. ಬಾಯಿಮಾತಿಗೆ ಕೊಡದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ದೂರವನ್ನು ಗುಡಿಯ ಗೋಡೆಯಿಂದ ಅಳೆಯೋದಿಲ್ಲ, ಸಂರಕ್ಷಿತ ಜಾಗದ ಗಡಿಯಿಂದ ಅಳೀತಾರೆ. ನಕ್ಷೆ ಕೈಗೆ ಬಂದಾಗ ಮೊದಲು ಆ ಗಡಿ ಗೆರೆ ಎಲ್ಲಿದೆ ನೋಡಿ, ಆಮೇಲೆ ನಿಮ್ಮ ಅಂಗಡಿ ಹುಡುಕಿ.